ಗೋಲಿ ಹರವಿದ ನೆಲದಿಂದ ಬೆಳಕು ನೆಟ್ಟಗೆ ವಾಪಸ್ ಬರುವುದು ಹೇಗೆ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಚಿಕ್ಕಬಳ್ಳಾಪುರದ ಹತ್ತಿರ ಒಂದು ಗ್ರಾನೈಟ್ ಯೂನಿಟ್ಟಿನಲ್ಲಿ ಹದಿನೈದು ವರ್ಷದಿಂದ ಪಾಲಿಶ್ ಕೆಲಸ ಮಾಡ್ತಿದೀನಿ. ಮೊನ್ನೆ ಪಿಯುಸಿ ಓದೋ ಮಗಳನ್ನ ಕರ್ಕೊಂಡು ಹೋಗಿದ್ದೆ. ಪಾಲಿಶ್ ಆದ ಸ್ಲ್ಯಾಬಿನಲ್ಲಿ ಟ್ಯೂಬ್‌ಲೈಟ್ ಕಾಣೋದು ನೋಡಿ ಕೇಳಿದಳು: "ಅಪ್ಪಾ, ನೀನು ಎಷ್ಟೇ ಉಜ್ಜಿದ್ರೂ ಕಲ್ಲು ಅಂದ್ರೆ ಕೊನೆಗೆ ಪರಮಾಣುಗಳೇ ಅಲ್ವಾ? ದುಂಡಗೆ, ಗೋಲಿ ಹರವಿದ ಹಾಗೆ. ಗೋಲಿ ಮೇಲೆ ಚೆಂಡು ಎಸೆದ್ರೆ ಎಲ್ಲೆಲ್ಲಿಗೋ ಹಾರುತ್ತೆ. ಬೆಳಕು ಮಾತ್ರ ಹೇಗೆ ನೆಟ್ಟಗೆ ಬರುತ್ತೆ? ಅದೂ ಅಲ್ದೆ ಪರಮಾಣು ಒಳಗೆ ಪೂರಾ ಖಾಲಿ ಅಂತ ನಮ್ಮ ಮಿಸ್ ಹೇಳಿದಾರೆ. ಬೆಳಕು ಬಡಿಯೋದಾದ್ರೂ ಯಾವುದಕ್ಕೆ?" ನನಗೆ ಮಾತೇ ಹೊರಡಲಿಲ್ಲ. ಜೊತೆಗೆ ನನ್ನದೂ ಒಂದು ಪ್ರಶ್ನೆ ಇದೆ. ಅದೇ ಮಿಷನ್ನು, ಅದೇ ಕೈ. ಆದ್ರೂ ಕಪ್ಪು ಸ್ಲ್ಯಾಬ್ ಕನ್ನಡಿ ಥರ ಹೊಳೆಯುತ್ತೆ, ಬಿಳೀದು ಅಷ್ಟು ಹೊಳೆಯಲ್ಲ. ಯಾಕೆ?

ಉತ್ತರ: ನಿಮ್ಮ ಮಗಳ ಪ್ರಶ್ನೆ ಓದಿ ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಕೆಲಸದಲ್ಲಿದ್ದಾಗ ನಾನು ಬಹಳ ವರ್ಷ ಬೋರ್ಡಿನ ಮೇಲೆ ಒಂದು ಗೋಡೆ, ಒಂದು ಚೆಂಡು ಬರೆದು ಪ್ರತಿಫಲನದ ಪಾಠ ಮುಗಿಸುತ್ತಿದ್ದೆ. ಒಂದು ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳಿದ. "ಅದು ಸಿಲಬಸ್ಸಲ್ಲಿ ಇಲ್ಲ, ಕೂತ್ಕೋ" ಅಂದೆ. ಸಿಲಬಸ್ಸಿನಲ್ಲಿ ಇರಲಿಲ್ಲ ಅನ್ನೋದು ನಿಜ. ನನಗೂ ಗೊತ್ತಿರಲಿಲ್ಲ ಅನ್ನೋದು ಇನ್ನೂ ನಿಜ.

ಚೆಂಡಿನ ಉದಾಹರಣೆ ಕೋನ ಬರೆಯೋದಕ್ಕೆ ಸಾಕು. ಆದರೆ ಬೆಳಕು ಪರಮಾಣುವಿಗೆ ಬಡಿದು ಪುಟಿಯುವುದಿಲ್ಲ. ಒಂಟಿ ಪರಮಾಣುವಿನ ಮೇಲೆ ಬೆಳಕು ಬಿಟ್ಟರೆ ಅದು ಸುತ್ತಲೂ ಚದುರುತ್ತದೆ, ಅಷ್ಟೇ. ನಿಮ್ಮ ಮಗಳು ಊಹಿಸಿದ ಹಾಗೆಯೇ! ನೆಟ್ಟಗೆ ಒಂದೇ ದಿಕ್ಕಿಗೆ ವಾಪಸ್ ಕಳಿಸೋದು ಕೋಟಿಗಟ್ಟಲೆ ಪರಮಾಣುಗಳು ಒಟ್ಟಿಗೆ ಸೇರಿ ಮಾಡುವ ಕೆಲಸ.

ಮೊದಲು ಗೋಲಿ ಎಷ್ಟು ದಪ್ಪ, ಬೆಳಕು ಎಷ್ಟು ಉದ್ದ ಅಂತ ನೋಡೋಣ. ಕಲ್ಲಿನಲ್ಲಿ ಪರಮಾಣುಗಳು ಸುಮಾರು 0.3 ನ್ಯಾನೋಮೀಟರಿಗೆ ಒಂದರಂತೆ ಕೂತಿರುತ್ತವೆ ಅಂದುಕೊಳ್ಳಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಬೆಳಕು ಅನ್ನೋದು ಅಲೆ. ಅದರ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರವನ್ನು ಅಲೆಯುದ್ದ ಅನ್ನೋಣ, ಪುಸ್ತಕದಲ್ಲಿ ತರಂಗಾಂತರ ಅಂತ ಇರುತ್ತೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಹಸಿರು ಬೆಳಕಿಗೆ 550 ಅಂತ ಇಟ್ಟುಕೊಳ್ಳಿ.

ಈಗ ಎಲ್ಲವನ್ನೂ ಐವತ್ತು ಲಕ್ಷ ಪಟ್ಟು ದೊಡ್ಡದು ಮಾಡಿ. ಒಂದು ಪರಮಾಣು ಒಂದು ರಾಗಿ ಕಾಳಿನಷ್ಟಾಗುತ್ತದೆ. ನಿಮ್ಮ ಸ್ಲ್ಯಾಬು ರಾಗಿ ಹರವಿದ ಕಣ. ಆ ಕಣದ ಮೇಲೆ ಬರುವ ಹಸಿರು ಬೆಳಕಿನ ಅಲೆಯಲ್ಲಿ ಉಬ್ಬಿನಿಂದ ಉಬ್ಬಿಗೆ ಒಂಬತ್ತು ಅಡಿ! ಒಂಬತ್ತು ಅಡಿ ಉದ್ದದ ಅಲೆಗೆ ಒಂದು ರಾಗಿ ಕಾಳಿನ ಉಬ್ಬುತಗ್ಗು ಯಾವ ಲೆಕ್ಕ? ಅದರ ಪಾಲಿಗೆ ಕಣ ಸಪಾಟು ನೆಲ.

ಇದೇ ಅಳತೆಯಲ್ಲಿ ನಿಮ್ಮ ಕೆಲಸವನ್ನೂ ನೋಡಿ. ದಪ್ಪ ನಂಬರಿನಲ್ಲಿ, ಅಂದರೆ ಒರಟು ಕಣದ ಉಜ್ಜುಕಲ್ಲಿನಲ್ಲಿ, ಉಜ್ಜಿದಾಗ ಬೀಳುವ ಗೀರು ಹತ್ತು ಮೈಕ್ರೋಮೀಟರ್ (ಹತ್ತು ಸಾವಿರ ನ್ಯಾನೋಮೀಟರ್) ಆಳ ಇದ್ದರೆ, ನಮ್ಮ ರಾಗಿ ಕಣದಲ್ಲಿ ಅದು ಐವತ್ತು ಮೀಟರ್ ಆಳದ ಕೊರಕಲು. ಒಂಬತ್ತು ಅಡಿಯ ಅಲೆ ಅಂಥ ಕೊರಕಲಿನೊಳಗೆ ಬಿದ್ದರೆ ದಿಕ್ಕು ತಪ್ಪದೆ ಇರುತ್ತಾ? ಅದಕ್ಕೇ ಆಗ ಕಲ್ಲು ಬೂದಿ ಬಳಿದ ಹಾಗೆ ಮಂಕಾಗಿ ಕಾಣುತ್ತದೆ.

ಎಷ್ಟು ನುಣುಪಾದರೆ ಸಾಕು? ಉಬ್ಬುತಗ್ಗು ಅಲೆಯುದ್ದದ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಬೇಕು ಅಂತ ಒಂದು ಹಳೆಯ ಅಂದಾಜು ಇದೆ, ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲಿ ಹೆಸರಿನದು. ಎದುರಿಗೆ ನೇರವಾಗಿ ಬೀಳುವ ಹಸಿರು ಬೆಳಕಿಗೆ ಅದು ಸುಮಾರು 70 ನ್ಯಾನೋಮೀಟರ್. ರಾಗಿ ಕಣದಲ್ಲಿ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ. ಅಂದರೆ ನೀವು ಗೋಲಿಗಳನ್ನೇ ಸಪಾಟು ಮಾಡಬೇಕಾಗಿಲ್ಲ. ಗುಡ್ಡ, ಕೊರಕಲು ಹೋಗಿ ಒಂದು ಅಡಿಯ ಏರುಪೇರು ಉಳಿದರೂ ಬೆಳಕು "ಪರವಾಗಿಲ್ಲ" ಅನ್ನುತ್ತದೆ. ಒಳ್ಳೆಯ ಕನ್ನಡಿ ಬೇಕು ಅಂದರೆ ಇದಕ್ಕಿಂತ ಬಹಳ ನುಣುಪು ಬೇಕು, ಅದು ಬೇರೆ ಮಾತು.

ಗೋಲಿಗಳು ಒಂದೊಂದಾಗಿ ಕಾಣಬೇಕಾದರೆ ಗೋಲಿಯಷ್ಟೇ ಸಣ್ಣ ಅಲೆ ಬೇಕು. ಅದು ಎಕ್ಸ್-ರೇ. ಅದರ ಅಲೆಯುದ್ದ 0.1 ನ್ಯಾನೋಮೀಟರಿನ ಆಸುಪಾಸು. 1912ರಲ್ಲಿ ಜರ್ಮನಿಯ ವಿಜ್ಞಾನಿ ಮ್ಯಾಕ್ಸ್ ಫಾನ್ ಲೌಅ ಅವರ ಜೊತೆಗಾರರು ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದರು. ಅದು ಒಂದೇ ದಿಕ್ಕಿಗೆ ಹೋಗಲಿಲ್ಲ. ಫೋಟೋ ಪ್ಲೇಟಿನ ಮೇಲೆ ಚುಕ್ಕಿ ರಂಗೋಲಿ ಹಾಕಿದ ಹಾಗೆ ಬೇರೆ ಬೇರೆ ಕಡೆ ಚುಕ್ಕಿಗಳು ಮೂಡಿದವು. ಮುಂದಿನ ವರ್ಷ ಬ್ರ್ಯಾಗ್ ಅಪ್ಪ-ಮಗ ಆ ಚುಕ್ಕಿಗಳಿಂದ ಹರಳಿನೊಳಗೆ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಅಂತ ಲೆಕ್ಕ ಹಾಕುವ ದಾರಿ ತೋರಿಸಿದರು. ಹಾಗಾಗಿ ನಿಮ್ಮ ಮಗಳ ಅನುಮಾನ ತಪ್ಪಲ್ಲ. ಅವಳ ಗೋಲಿ ಸರಿ ಇದೆ, ಚೆಂಡು ಮಾತ್ರ ಗೋಲಿಗಿಂತ ಎರಡು ಸಾವಿರ ಪಟ್ಟು ದೊಡ್ಡದು.

ಈಗ ಎರಡನೇ ಪ್ರಶ್ನೆ. ಪರಮಾಣು ಒಳಗೆ ಖಾಲಿ, ಬೆಳಕು ಬಡಿಯೋದು ಯಾವುದಕ್ಕೆ?

ಯಾವುದಕ್ಕೂ ಬಡಿಯಲ್ಲ. ಬೆಳಕು ಅಂದರೆ ವಿದ್ಯುತ್ತಿನ ಎಳೆತ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತಾ ಮುಂದೆ ಸಾಗುವುದು. ಹಸಿರು ಬೆಳಕಿನಲ್ಲಿ ಈ ತಿರುಗಾಟ ಸೆಕೆಂಡಿಗೆ ಸುಮಾರು 550 ಲಕ್ಷ ಕೋಟಿ ಸಲ. ಆ ಅಲೆ ಪರಮಾಣುವಿನ ಮೇಲೆ ಹಾದಾಗ ಅದರ ಎಲೆಕ್ಟ್ರಾನುಗಳು ಅದೇ ತಾಳಕ್ಕೆ ಅಲ್ಲಾಡುತ್ತವೆ. ನಡುವಿನ ಬೀಜ ಸಾವಿರಾರು ಪಟ್ಟು ಭಾರ, ಅದು ಜಗ್ಗುವುದಿಲ್ಲ. ಅಲ್ಲಾಡುವ ಎಲೆಕ್ಟ್ರಾನ್ ಸುಮ್ನೆ ಇರಲ್ಲ, ತಾನೂ ಸುತ್ತಲೂ ಒಂದು ಪುಟ್ಟ ಅಲೆ ಹೊರಡಿಸುತ್ತದೆ. ಮೊಬೈಲ್ ಟವರಿನ ಆಂಟೆನಾದಲ್ಲಿ ಆಗೋದೂ ಇದೇ, ಎಲೆಕ್ಟ್ರಾನುಗಳನ್ನು ಅಲ್ಲಾಡಿಸಿ ಅಲೆ ಹೊರಡಿಸೋದು. ನಿಮ್ಮ ಸ್ಲ್ಯಾಬಿನ ಪ್ರತಿ ಪರಮಾಣುವೂ ಒಂದು ಕಿರು ಆಂಟೆನಾ.

ತಾಳ ಒಂದೇ ಆದ್ದರಿಂದ ಬಣ್ಣವೂ ಒಂದೇ. ಕೆಂಪು ಬಂದರೆ ಕೆಂಪೇ ವಾಪಸ್. ಇದಕ್ಕೆ ಒಂದು ತೀರಾ ಸಣ್ಣ ಅಪವಾದ ಇದೆ. ಚದುರಿದ ಬೆಳಕಿನಲ್ಲಿ ಸುಮಾರು ಕೋಟಿಗೆ ಒಂದು ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಅದನ್ನು 1928ರಲ್ಲಿ ಹಿಡಿದವರೇ ನಮ್ಮ ಸಿ. ವಿ. ರಾಮನ್.

ಎಲೆಕ್ಟ್ರಾನ್ ಎಷ್ಟು ಅಲ್ಲಾಡುತ್ತೆ ಅಂತ ಒಂದು ಸಲ ನಾನೇ ಲೆಕ್ಕ ಹಾಕಿ ನೋಡಿದೆ. ಉತ್ತರ ನೋಡಿ ಎಲ್ಲೋ ಸೊನ್ನೆ ತಪ್ಪಿದೆ ಅಂತ ಇನ್ನೊಂದು ಸಲ ಹಾಕಿದೆ. ತಪ್ಪಿರಲಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲಿಗೆ ಇಟ್ಟ ಕಲ್ಲಿನಲ್ಲೂ ಈ ಅಲ್ಲಾಟ ಸರಾಸರಿಯಲ್ಲಿ ಒಂದು ಪ್ರೋಟಾನಿನ ಗಾತ್ರದ ಸಾವಿರದ ಒಂದು ಪಾಲಿನಷ್ಟು. ಪರಮಾಣುವಿನದಲ್ಲ, ಪ್ರೋಟಾನಿನದು! ಇಷ್ಟು ಸಣ್ಣ ನಡುಕದಿಂದ ನಿಮ್ಮ ಸ್ಲ್ಯಾಬಿನಲ್ಲಿ ಇಡೀ ಟ್ಯೂಬ್‌ಲೈಟ್ ಮೂಡುತ್ತದೆ ಅಂದರೆ, ನಡುಗುವವರ ಸಂಖ್ಯೆ ಎಷ್ಟಿರಬೇಕು? ಒಂದು ಅಲೆಯುದ್ದ ಅಗಲ, ಒಂದು ಅಲೆಯುದ್ದ ಉದ್ದದ ಚೌಕದಲ್ಲಿ, ಒಂದೇ ಪದರದಲ್ಲಿ, ಮೂವತ್ತು ಲಕ್ಷಕ್ಕೂ ಜಾಸ್ತಿ ಪರಮಾಣುಗಳಿವೆ. ಅವೆಲ್ಲ ಒಂದೇ ತಾಳದಲ್ಲಿ. ತಾಳ ತಪ್ಪಿದರೆ ಸದ್ದು ಸದ್ದನ್ನೇ ನುಂಗುತ್ತದೆ.

ಸರಿ, ಪ್ರತಿ ಪರಮಾಣುವೂ ಸುತ್ತಲೂ ಅಲೆ ಕಳಿಸುತ್ತೆ. ಹಾಗಾದರೆ ಒಟ್ಟು ಬೆಳಕು ಒಂದೇ ದಿಕ್ಕಿಗೆ ಯಾಕೆ ಹೊರಡುತ್ತದೆ? ಬಿದ್ದ ಕೋನದಲ್ಲೇ ಯಾಕೆ? ಇದೇ ಈ ಇಡೀ ವಿಷಯದ ತಿರುಳು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಕಂದವಾರ ಕೆರೆಯ ಅಂಚಿನಲ್ಲಿ ಐವತ್ತು ಹುಡುಗರನ್ನು ನೆಟ್ಟಗೆ ಒಂದು ಸಾಲಿನಲ್ಲಿ ನಿಲ್ಲಿಸಿ. ಒಬ್ಬೊಬ್ಬರ ಕೈಯಲ್ಲೂ ಒಂದು ಕಲ್ಲು. ಅವರ ಬೆನ್ನ ಹಿಂದೆ ಏರಿಯ ಮೇಲೆ ಒಬ್ಬ ಬೈಕಿನಲ್ಲಿ ಹೋಗುತ್ತಾನೆ. ಬೈಕು ತನ್ನ ಹಿಂದೆ ಬಂದ ಕೂಡಲೇ ಹುಡುಗ ಕಲ್ಲನ್ನು ನೀರಿಗೆ ಬಿಡಬೇಕು. ಇಷ್ಟೇ ಆಟ.

ಪ್ರತಿ ಕಲ್ಲಿನಿಂದ ದುಂಡನೆಯ ಅಲೆ ಏಳುತ್ತದೆ. ಮೊದಲ ಹುಡುಗನ ಅಲೆ ದೊಡ್ಡ ಬಳೆಯಾಗಿರುತ್ತದೆ, ಕೊನೆಯವನದು ಇನ್ನೂ ಪುಟ್ಟ ಉಂಗುರ. ಆದರೆ ದೂರದಿಂದ ನೋಡಿದರೆ ಬಳೆಗಳು ಕಾಣಲ್ಲ. ಎಲ್ಲ ಬಳೆಗಳ ಅಂಚೂ ಸೇರಿ ಒಂದು ಉದ್ದನೆಯ ನೇರ ಅಲೆಯಾಗಿ, ಓರೆಯಾಗಿ ಕೆರೆಯ ನಡುವಿಗೆ ಸಾಗುವುದು ಕಾಣುತ್ತದೆ. ಬೇರೆ ದಿಕ್ಕುಗಳಲ್ಲಿ ಒಬ್ಬನ ಉಬ್ಬಿನ ಮೇಲೆ ಇನ್ನೊಬ್ಬನ ತಗ್ಗು ಬಂದು ಬೀಳುತ್ತದೆ, ಎರಡೂ ಸೇರಿ ನೀರು ಅಲ್ಲಾಡದೆ ನಿಲ್ಲುತ್ತದೆ.

ಆ ಉದ್ದನೆಯ ಅಲೆ ಎಷ್ಟು ಓರೆ? ಅದನ್ನು ತೀರ್ಮಾನ ಮಾಡೋದು ಬೈಕಿನ ವೇಗ. ಬೈಕು ಕಣ್ಣುಮುಚ್ಚಿ ತೆರೆಯೋಷ್ಟರಲ್ಲಿ ಹೋದರೆ ಎಲ್ಲ ಕಲ್ಲೂ ಒಟ್ಟಿಗೆ ಬೀಳುತ್ತವೆ, ಅಲೆ ಅಂಚಿನಿಂದ ನೇರ ಎದುರಿಗೆ ಹೊರಡುತ್ತದೆ. ನಿಧಾನ ಆದಷ್ಟೂ ಅಲೆ ಓರೆಯಾಗುತ್ತದೆ.

ಈಗ ಹುಡುಗರ ಜಾಗದಲ್ಲಿ ಪರಮಾಣುಗಳನ್ನು ಇಡಿ. ಬೈಕು ಯಾವುದು? ಬರುತ್ತಿರುವ ಬೆಳಕಿನ ಉಬ್ಬು. ಓರೆಯಾಗಿ ಬರುವ ಉಬ್ಬು ಸ್ಲ್ಯಾಬಿಗೆ ಎಲ್ಲ ಕಡೆ ಒಟ್ಟಿಗೆ ತಾಗಲ್ಲ. ಒಂದು ತುದಿಯಲ್ಲಿ ಮೊದಲು ತಾಗಿ, ಆ ತಾಗುವ ಜಾಗ ಕಲ್ಲಿನ ಮೇಲೆ ಓಡುತ್ತಾ ಹೋಗುತ್ತದೆ. ಈ ಓಟವೇ ಬೈಕು. ಬೆಳಕು ಎಷ್ಟು ಓರೆಯಾಗಿ ಬರುತ್ತೆ ಅನ್ನೋದು ಈ ಓಟದ ವೇಗವನ್ನು ನಿರ್ಧರಿಸುತ್ತದೆ. ಆ ಓಟ ಹೊರಡುವ ಅಲೆಯ ಓರೆಯನ್ನು ನಿರ್ಧರಿಸುತ್ತದೆ. ಬರುವ ಅಲೆ, ಹೊರಡುವ ಅಲೆ ಎರಡೂ ಅದೇ ಗಾಳಿಯಲ್ಲಿ ಒಂದೇ ವೇಗದಲ್ಲಿ ಹೋಗುವುದರಿಂದ ಎರಡು ಓರೆಯೂ ಒಂದೇ. ಪಾಠಪುಸ್ತಕದ "ಪತನ ಕೋನ, ಪ್ರತಿಫಲನ ಕೋನ ಸಮ" ಅನ್ನುವ ಸಾಲಿನ ಹಿಂದಿರುವುದು ಇಷ್ಟೇ. ಕಲ್ಲಿನ ಒಳಗೆ ಅಲೆಯ ವೇಗ ಕಡಿಮೆ, ಅದಕ್ಕೆ ಅಲ್ಲಿ ಓರೆ ಬೇರೆ. ಅದೇ ವಕ್ರೀಭವನ.

ಉಜ್ಜದ ಕಲ್ಲು ಅಂದರೆ ಏನು? ಹುಡುಗರು ಸಾಲಿನಲ್ಲಿ ನಿಂತಿಲ್ಲ. ಒಬ್ಬ ನಾಲ್ಕು ಹೆಜ್ಜೆ ಮುಂದೆ ನೀರಿನಲ್ಲೇ ಇದ್ದಾನೆ, ಇನ್ನೊಬ್ಬ ಏರಿ ಹತ್ತಿ ಕೂತಿದ್ದಾನೆ. ಕಲ್ಲು ಎಲ್ಲರೂ ಹಾಕುತ್ತಾರೆ. ಅಲೆಗಳು ಎಲ್ಲ ಕಡೆಗೂ ಹೋಗುತ್ತವೆ. ಉದ್ದನೆಯ ಅಲೆ ಕಟ್ಟುವುದಿಲ್ಲ. ಪಾಲಿಶ್ ಮಾಡುವಾಗ ನೀವು ಮಾಡೋದು ಈ ಹುಡುಗರನ್ನು ಸಾಲಿಗೆ ನಿಲ್ಲಿಸುವ ಕೆಲಸ. ಡ್ರಿಲ್ ಮೇಷ್ಟ್ರ ಕೆಲಸ ಅನ್ನಿ.

ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ನಮ್ಮ ಜಿಲ್ಲೆಯಲ್ಲೇ ಒಂದು ಜಾಗ ಇದೆ. ಗೌರಿಬಿದನೂರಿನ ಹತ್ತಿರ 1970ರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ. ದೂರದರ್ಶಕ ಅಂದ ಕೂಡಲೇ ಗುಮ್ಮಟ, ಕೊಳವೆ ಅಂತ ಊಹಿಸಬೇಡಿ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟ ಸಾವಿರ ಆಂಟೆನಾಗಳು, ಒಂದು ತೋಳು 1.4 ಕಿಲೋಮೀಟರ್ ಉದ್ದ. ಅದು ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್ ಅಲೆಗಳನ್ನು, ಅಲೆಯುದ್ದ ಸುಮಾರು 8.7 ಮೀಟರ್. ಆಂಟೆನಾಗಳನ್ನು ಆಕಾಶದ ಬೇರೆ ಕಡೆಗೆ ತಿರುಗಿಸಬೇಕು ಅಂದರೆ ಒಂದು ಕಂಬವನ್ನೂ ಅಲ್ಲಾಡಿಸುತ್ತಿರಲಿಲ್ಲ. ಒಂದೊಂದು ಸಾಲಿನ ಸಿಗ್ನಲ್ಲಿಗೂ ಲೆಕ್ಕ ಹಾಕಿ ತಾಳದಲ್ಲಿ ಸ್ವಲ್ಪ ಸ್ವಲ್ಪ ಹಿಂದುಮುಂದು ಮಾಡಿ, ಆಮೇಲೆ ಎಲ್ಲ ಕೂಡಿಸುತ್ತಿದ್ದರು. ಹಿಂದುಮುಂದು ಬದಲಾದರೆ ನೋಡುವ ದಿಕ್ಕು ಬದಲಾಗುತ್ತದೆ. ಬೈಕಿನ ವೇಗ ಬದಲಿಸಿದ ಹಾಗೆ. ನಿಮ್ಮ ಸ್ಲ್ಯಾಬು ಆ ಕೆಲಸವನ್ನು ಯಾವ ಕಂಪ್ಯೂಟರೂ ಇಲ್ಲದೆ ಮಾಡುತ್ತೆ, ಬೆಳಕೇ ತಾಳ ಹಾಕಿಕೊಂಡು ಬರುವುದರಿಂದ.

ಅಂದಹಾಗೆ ಇಷ್ಟು ಉದ್ದದ ಅಲೆಗೆ ಗಟ್ಟಿ ಕನ್ನಡಿ ಬೇಕಾಗಿಯೇ ಇಲ್ಲ, ಅಡಿಗೊಂದರಂತೆ ಕಟ್ಟಿದ ತಂತಿ ಬಲೆ ಸಾಕು. ಮೈಕ್ರೋವೇವ್ ಒಲೆಯ ಬಾಗಿಲಿನ ಜಾಲರಿ ನೋಡಿದ್ದೀರಲ್ಲ? ಒಳಗಿನ ಅಲೆಗೆ 12 ಸೆಂಟಿಮೀಟರ್ ಉದ್ದ, ತೂತು ಒಂದೆರಡು ಮಿಲಿಮೀಟರ್. ಅದರ ಪಾಲಿಗೆ ಜಾಲರಿ ಗೋಡೆ. ನಮ್ಮ ಕಣ್ಣಿನ ಬೆಳಕಿಗೆ ಅದೇ ಜಾಲರಿ ಕಿಟಕಿ, ಒಳಗೆ ಅನ್ನ ಬಿಸಿಯಾಗೋದು ಕಾಣುತ್ತೆ.

ಇನ್ನೊಂದು ಅನುಮಾನ ಬರಬೇಕು. ಬೆಳಕು ಕಲ್ಲಿನ ಒಳಗೂ ಹೋಗುತ್ತದಲ್ಲ, ಒಳಗಿನ ಪರಮಾಣುಗಳೂ ಅಲ್ಲಾಡುತ್ತವಲ್ಲ, ಅವು ಅಲೆ ಕಳಿಸಲ್ವಾ? ಕಳಿಸುತ್ತವೆ. ಆದರೆ ಒಳಗಿನ ಪ್ರತಿ ಪದರಕ್ಕೂ ಕಾಲು ಅಲೆಯುದ್ದ ಕೆಳಗೆ ಒಂದು ಜೊತೆ ಇರುತ್ತದೆ. ಕೆಳಗಿನದರ ಅಲೆ ಹೋಗಿ ಬರುವ ದಾರಿ ಅರ್ಧ ಅಲೆಯಷ್ಟು ಜಾಸ್ತಿ. ಹಾಗಾಗಿ ಇದರ ಉಬ್ಬಿಗೆ ಅದರ ತಗ್ಗು ಸೇರಿ ಎರಡೂ ಅಳಿಸಿಹೋಗುತ್ತವೆ. ಹೀಗೆ ಜೋಡಿ ಹಾಕುತ್ತಾ ಬಂದರೆ ಲೆಕ್ಕ ಚುಕ್ತಾ ಆಗದೆ ಉಳಿಯೋದು ಮೇಲಿನ ಅಂಚಿನಲ್ಲಿ ಮಾತ್ರ. ಆ ತೆಳು ಅಂಚಿನಲ್ಲೂ ಕೆಲವು ನೂರು ಪದರ ಪರಮಾಣುಗಳಿರುತ್ತವೆ. ಹೊಳಪು "ಮೇಲ್ಮೈಯಿಂದ" ಬರುತ್ತೆ ಅನ್ನೋದು ಈ ಅರ್ಥದಲ್ಲಿ. ಅದು ಒಂದೇ ಒಂದು ಪದರದ ಗೋಲಿಗಳ ಕೆಲಸ ಅಲ್ಲ.

ಅಳಿಸಿ ಉಳಿದದ್ದು ಎಷ್ಟು ಅಂತೀರಿ? ಬಹಳ ಕಡಿಮೆ. ಗಾಜಿನ ಒಂದು ಮೈಯಿಂದ ನೇರವಾಗಿ ಬಿದ್ದ ಬೆಳಕಿನ ನೂರರಲ್ಲಿ ನಾಲ್ಕು ಪಾಲು ವಾಪಸ್. ನೀರಿನಿಂದ ಎರಡು ಪಾಲು. ಪಾಲಿಶ್ ಆದ ಗ್ರಾನೈಟಿನಿಂದ ನಾಲ್ಕೈದು. ವಜ್ರದಿಂದ ಹದಿನೇಳು, ಅದಕ್ಕೇ ಅದಕ್ಕೆ ಆ ಬೆಲೆ ಅಂತ ಹೇಳಲ್ಲ, ಆದರೆ ಆ ಮಿಂಚಿಗೆ ಇದೂ ಒಂದು ಕಾರಣ. ಓರೆಯಾಗಿ ನೋಡಿದಷ್ಟೂ ಈ ಪಾಲು ಏರುತ್ತಾ ಹೋಗುತ್ತದೆ. ಸಂಜೆ ಕೆರೆಯ ದೂರದ ನೀರು ಬೆಳ್ಳಿ ತಗಡಿನ ಹಾಗೆ ಇರುತ್ತದೆ, ಕಾಲ ಬುಡದ ನೀರಿನಲ್ಲಿ ಕೆಸರು ಕಾಣುತ್ತದೆ, ಅಲ್ವಾ?

ಒಂದೊಂದೇ ಫೋಟಾನ್, ಅಂದರೆ ಬೆಳಕಿನ ಬಿಡಿ ಕಣ, ಬಂದರೆ ಏನಾಗುತ್ತೆ ಅಂತ ನಿಮ್ಮ ಮಗಳು ಮುಂದೆ ಕೇಳೇ ಕೇಳುತ್ತಾಳೆ. ಆಗಲೂ ಇದೇ ಲೆಕ್ಕ, ಅದು ನೂರಕ್ಕೆ ನಾಲ್ಕು ಸಲ ವಾಪಸ್ ಬರುತ್ತೆ. ಯಾವ ಪರಮಾಣುವಿನಿಂದ ಬಂತು ಅಂದರೆ ಇದೇ ಅಂತ ಬೆರಳಿಟ್ಟು ತೋರಿಸಲು ಆಗಲ್ಲ, ಯಾವುದರಲ್ಲೂ ಗುರುತು ಉಳಿಯುವುದಿಲ್ಲ. ಒಂದೇ ಫೋಟಾನಿಗೂ ಇಡೀ ಸಾಲೇ ಉತ್ತರ ಕೊಡುತ್ತದೆ. ಇದು ವಿಚಿತ್ರ ಅನ್ನಿಸಿದರೆ ಅವಳ ತಪ್ಪಲ್ಲ, ನನಗೂ ಇನ್ನೂ ವಿಚಿತ್ರವೇ.

ಇನ್ನು ಲೋಹಗಳ ಕಥೆ ಬೇರೆ. ಕಲ್ಲಿನಲ್ಲಿ ಎಲೆಕ್ಟ್ರಾನು ತನ್ನ ಪರಮಾಣುವಿಗೆ ಕಟ್ಟಿಹಾಕಿದ ಕರು. ಲೋಹದಲ್ಲಿ ಒಂದಷ್ಟು ಎಲೆಕ್ಟ್ರಾನುಗಳು ಬಿಟ್ಟ ದನ, ಎಲ್ಲೆಂದರಲ್ಲಿ ಓಡಾಡುತ್ತವೆ. ಬೆಳಕಿನ ಎಳೆತಕ್ಕೆ ಅವು ಎಷ್ಟು ಜೋರಾಗಿ ಅಲ್ಲಾಡುತ್ತವೆ ಅಂದರೆ, ಒಳಗೆ ಹೋಗುವ ಅಲೆಯನ್ನು ಕೆಲವೇ ಹತ್ತು ನ್ಯಾನೋಮೀಟರಿನಲ್ಲಿ ಪೂರಾ ಅಳಿಸಿಹಾಕುತ್ತವೆ. ಒಳಗೆ ದಾರಿ ಇಲ್ಲ, ಹೆಚ್ಚುಕಡಿಮೆ ಎಲ್ಲವೂ ವಾಪಸ್. ಬೆಳ್ಳಿ ನೂರಕ್ಕೆ ತೊಂಬತ್ತೈದರ ಮೇಲೆ ಕಳಿಸುತ್ತೆ. ಮನೆಯ ಕನ್ನಡಿಯಲ್ಲಿ ಮುಖ ತೋರಿಸೋದು ಗಾಜಲ್ಲ, ಹಿಂದೆ ಬಳಿದ ಕೂದಲಿಗಿಂತ ನೂರಾರು ಪಟ್ಟು ತೆಳು ಲೋಹ.

ಹಾಗಾದರೆ ಪಕ್ಕದ ಕೋಲಾರದ ಚಿನ್ನ ಯಾಕೆ ಬೆಳ್ಳಿಯ ಹಾಗೆ ಬೆಳ್ಳಗಿಲ್ಲ? ಚಿನ್ನದ ಪರಮಾಣುವಿನ ನಡುವೆ 79 ಪ್ರೋಟಾನುಗಳಿವೆ. ಆ ಎಳೆತಕ್ಕೆ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕಿಂತ ಜಾಸ್ತಿ ವೇಗದಲ್ಲಿರುತ್ತವೆ. ಅಲ್ಲಿಗೆ ಐನ್‌ಸ್ಟೈನರ ಸಾಪೇಕ್ಷತೆ ಬರುತ್ತೆ. ಅದರ ಪರಿಣಾಮ ಹೊರಗಿನ ಎಲೆಕ್ಟ್ರಾನುಗಳವರೆಗೂ ಮುಟ್ಟಿ, ಅವುಗಳ ಶಕ್ತಿಯ ಮೆಟ್ಟಿಲುಗಳ ಅಂತರ ಕಡಿಮೆ ಮಾಡುತ್ತದೆ. ಆ ಅಂತರಕ್ಕೆ ನೀಲಿ ಬೆಳಕಿನ ಶಕ್ತಿ ಸರಿಹೊಂದುತ್ತದೆ. ಚಿನ್ನ ನೀಲಿಯನ್ನು ನುಂಗುತ್ತದೆ, ಉಳಿದದ್ದನ್ನು ವಾಪಸ್ ಕೊಡುತ್ತದೆ. ಅದಕ್ಕೆ ಹಳದಿ. ಬೆಳ್ಳಿಯಲ್ಲಿ ಆ ಅಂತರ ಜಾಸ್ತಿ, ನುಂಗೋದೆಲ್ಲ ಕಣ್ಣಿಗೆ ಕಾಣದ ನೇರಳಾತೀತದಲ್ಲಿ. ಮೂರು ಕಿಲೋಮೀಟರ್ ಆಳದಿಂದ ಕೆಜಿಎಫ್‌ನ ಜನ ಮೇಲೆ ತಂದ ಬಣ್ಣಕ್ಕೂ ಸಾಪೇಕ್ಷತೆಗೂ ಹೀಗೊಂದು ನಂಟು.

ನಿಮ್ಮ ಗ್ರಾನೈಟಿನಲ್ಲಿ ಮಿಣಮಿಣ ಅನ್ನುವ ಕಾಗೆಬಂಗಾರ ಚಿನ್ನವೂ ಅಲ್ಲ, ಲೋಹವೂ ಅಲ್ಲ. ಆದರೆ ಅದರಲ್ಲೊಂದು ವಿಶೇಷ ಇದೆ. ಅದು ಹಾಳೆ ಹಾಳೆಯಾಗಿ ಬಿಡುತ್ತದೆ, ಬಿಟ್ಟ ಮೈ ದೊಡ್ಡ ಜಾಗದವರೆಗೆ ಪರಮಾಣು ಮಟ್ಟದಲ್ಲೇ ಸಪಾಟು. ನಿಮ್ಮ ಯಾವ ನಂಬರಿನ ಪಾಲಿಶ್ಶೂ ಅಷ್ಟು ನುಣುಪು ತರಲಾರದು. ಆಗ ತಾನೇ ಒಡೆದ, ಉಜ್ಜದ ಕಲ್ಲಿನಲ್ಲೂ ಅದು ಮಿಂಚೋದು ಅದಕ್ಕೇ. ಕಲ್ಲನ್ನು ಸ್ವಲ್ಪ ತಿರುಗಿಸಿದರೆ ಒಂದು ಮಿಂಚು ಆರಿ ಇನ್ನೊಂದು ಹೊತ್ತಿಕೊಳ್ಳುತ್ತದೆ, ಒಂದೊಂದು ಹಾಳೆಯೂ ಒಂದೊಂದು ದಿಕ್ಕಿಗೆ ಮುಖ ಮಾಡಿರುವ ಪುಟ್ಟ ಕನ್ನಡಿ.

ಈಗ ನಿಮ್ಮದೇ ಪ್ರಶ್ನೆ, ಕಪ್ಪು ಮತ್ತು ಬಿಳಿ. ಇದಕ್ಕೆ ಅರ್ಧ ಉತ್ತರ ನಿಮಗೆ ಆಗಲೇ ಗೊತ್ತು. ಉಜ್ಜದ ಬ್ಲಾಕಿನ ಬಣ್ಣ ನೋಡಬೇಕು ಅಂದರೆ ನೀವು ಏನು ಮಾಡುತ್ತೀರಿ? ಒಂದು ಚೊಂಬು ನೀರು ಸುರಿಯುತ್ತೀರಿ. ಬೂದು ಕಲ್ಲು ಕೂಡಲೇ ಕಪ್ಪಾಗುತ್ತದೆ. ನೀರು ಬಣ್ಣ ಕೊಟ್ಟಿತಾ? ಇಲ್ಲ. ಒರಟು ಮೈ ಚದುರಿಸುತ್ತಿದ್ದ ಬಿಳಿ ಬೆಳಕನ್ನು ತೆಗೆಯಿತು. ಗಾಳಿ ಮತ್ತು ಕಲ್ಲಿನ ನಡುವೆ ನೂರಕ್ಕೆ ನಾಲ್ಕು ಪಾಲು ಚದುರುತ್ತಿತ್ತು. ನೀರು ಮತ್ತು ಕಲ್ಲಿನ ನಡುವೆ ಹೆಚ್ಚೆಂದರೆ ಒಂದು ಪಾಲಿನ ಆಸುಪಾಸು, ಬೆಳಕಿಗೆ ಇಬ್ಬರೂ ಹತ್ತಿರದ ನೆಂಟರು. ನೀರಿನ ಮೇಲ್ಮೈಯಿಂದ ಎರಡು ಪಾಲು ಬರುತ್ತೆ, ಆದರೆ ಅದು ನುಣುಪು, ಒಂದೇ ದಿಕ್ಕಿಗೆ ಹೋಗುತ್ತದೆ. ಪಾಲಿಶ್ ಅಂದರೆ ಆರದ ನೀರು ಅನ್ನಬಹುದು.

ಹಾಗಾಗಿ ಸ್ಲ್ಯಾಬಿನಿಂದ ನಿಮ್ಮ ಕಣ್ಣಿಗೆ ಎರಡು ಬೆಳಕು ಬರುತ್ತವೆ. ಒಂದು ಮೇಲ್ಮೈಯದು, ಟ್ಯೂಬ್‌ಲೈಟಿನ ಬಿಂಬ. ಇನ್ನೊಂದು ಒಳಗಿನದು. ಕಲ್ಲಿನ ಒಳಗೆ ಹೊಕ್ಕ ಬೆಳಕು ಹರಳಿನಿಂದ ಹರಳಿಗೆ ತೂರಿ, ಬಿರುಕಿನಲ್ಲಿ ತಿರುಗಿ, ಸುತ್ತಾಡಿ ಮತ್ತೆ ಹೊರಗೆ ಬರುತ್ತದೆ. ಅದಕ್ಕೆ ದಿಕ್ಕಿಲ್ಲ, ಎಲ್ಲ ಕಡೆಗೂ ಚೆಲ್ಲುತ್ತದೆ. ಕಲ್ಲಿನ ಬಣ್ಣ ಅಂದರೆ ಈ ಬೆಳಕು. ಬಿಳಿ ಕಲ್ಲಿನಲ್ಲಿ ಇದು ನೂರಕ್ಕೆ ಐವತ್ತು ಅಂತ ಇಟ್ಟುಕೊಳ್ಳಿ. ಐವತ್ತರ ಗದ್ದಲದಲ್ಲಿ ನಾಲ್ಕರ ಬಿಂಬ ಎಲ್ಲಿ ಕಾಣಬೇಕು?

ಕಪ್ಪು ಕಲ್ಲಿನಲ್ಲಿ ಕಬ್ಬಿಣದ ಅಂಶ ಇರುವ ಖನಿಜಗಳು ಒಳಗೆ ಹೋದ ಬೆಳಕನ್ನು ಕುಡಿದುಬಿಡುತ್ತವೆ. ಅದು ಶಾಖವಾಗುತ್ತೆ. ಬಿಸಿಲಲ್ಲಿ ಕಪ್ಪು ಸ್ಲ್ಯಾಬಿನ ಮೇಲೆ ಕೈ ಇಡೋದಕ್ಕೆ ಆಗಲ್ಲ, ಅದು ಈ ಲೆಕ್ಕವೇ. ಒಳಗಿನ ಗದ್ದಲ ನಿಂತಿತು, ಮೇಲ್ಮೈಯ ಐದಾರು ಪಾಲು ಒಂದೇ ಉಳಿಯಿತು. ಕಪ್ಪು ಕಲ್ಲಿನ ಖನಿಜಗಳು ಬಿಳಿಯದಕ್ಕಿಂತ ಒಂಚೂರು ಜಾಸ್ತಿ ಬೆಳಕು ವಾಪಸ್ ಕಳಿಸುತ್ತವೆ ಅನ್ನೋದು ನಿಜ, ಆದರೆ ನಿಮಗೆ ಕಾಣುವ ವ್ಯತ್ಯಾಸ ಅದರಿಂದ ಅಲ್ಲ. ನಿಮ್ಮ ಕೈಕೆಲಸ ಎರಡರಲ್ಲೂ ಒಂದೇ. ಆಫ್ ಮಾಡಿದ ಟಿವಿಯಲ್ಲಿ ಮನೆಯೆಲ್ಲ ಕಾಣುತ್ತದೆ, ಆನ್ ಮಾಡಿದರೆ ಮಾಯ. ಹಾಗೆಯೇ. (ಭೂವಿಜ್ಞಾನದವರು ಈ ಕಪ್ಪು ಕಲ್ಲನ್ನು ಗ್ರಾನೈಟ್ ಅಂತಲೇ ಒಪ್ಪಲ್ಲ, ಸಾಮಾನ್ಯವಾಗಿ ಅದು ಡಾಲರೈಟ್ ಜಾತಿ. ವ್ಯಾಪಾರದಲ್ಲಿ ಯಾರು ಕೇಳ್ತಾರೆ ಬಿಡಿ.)

ಕಪ್ಪಿನ ಮೇಲೆ ಸಣ್ಣ ಗೀರು ಬಿದ್ದರೂ ಗಿರಾಕಿ ಹಿಡಿದುಬಿಡೋದಕ್ಕೂ ಕಾರಣ ಇದೇ. ಗೀರು ಚದುರಿಸಿದ ಬೆಳಕು ಕತ್ತಲ ಹಿನ್ನೆಲೆಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಬಿಳಿ ಸ್ಲ್ಯಾಬಿನಲ್ಲಿ ಅಂಥದೇ ಗೀರು ಗದ್ದಲದಲ್ಲಿ ಕರಗಿಹೋಗುತ್ತದೆ. ಹಾಗಾದರೆ ಬಿಳಿಯದರ ಪಾಲಿಶ್ ಪರೀಕ್ಷೆ ಮಾಡೋದು ಹೇಗೆ? ಸ್ಲ್ಯಾಬಿನ ತುದಿಗೆ ಕಣ್ಣು ತಂದು ಓರೆಯಾಗಿ ನೋಡಿ ನಂಬಬೇಡಿ. ಓರೆಯಾದಷ್ಟೂ ಉಬ್ಬುತಗ್ಗು ಬೆಳಕಿಗೆ ಸಣ್ಣದಾಗುತ್ತೆ, ಅರ್ಧ ಪಾಲಿಶ್ ಆದ ಕಲ್ಲೂ ಆಗ ಫಳಫಳ ಅನ್ನುತ್ತದೆ. ಮಧ್ಯದ ನಂಬರಿನಲ್ಲಿ ನಿಲ್ಲಿಸಿದ ಸ್ಲ್ಯಾಬನ್ನು ಹಾಗೆ ನೋಡಿ, ಟ್ಯೂಬ್‌ಲೈಟಿನ ಬಿಂಬ ಒಂಚೂರು ಕೆಂಪಗೆ ಇರುತ್ತದೆ. ಕೆಂಪಿನ ಅಲೆ ಉದ್ದ, ಒರಟುತನ ಅದಕ್ಕೆ ನೀಲಿಗಿಂತ ಮೊದಲೇ ನುಣುಪಾಗಿ ಕಾಣುತ್ತದೆ. ಅದರ ಬದಲು ಶೆಡ್ಡಿನ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಸ್ಲ್ಯಾಬಿನ ಮೇಲೆ ಹೆಚ್ಚುಕಡಿಮೆ ನೇರವಾಗಿ ಹಿಡಿದು, ಪಕ್ಕದಿಂದಲೇ ಬಗ್ಗಿ ಬಿಂಬ ನೋಡಿ. ಟಾರ್ಚಿನ ಚುಕ್ಕಿ ಅಂಚು ಹರಿದು ಮಂಜು ಕವಿದ ಹಾಗಿದ್ದರೆ ಇನ್ನೊಂದು ನಂಬರ್ ಓಡಿಸಬೇಕು. ಚುಕ್ಕಿ ಚುಕ್ಕಿಯಾಗಿಯೇ ಇದ್ದರೆ ಬಫ್‌ಗೆ, ಅಂದರೆ ಕೊನೆಯ ಹೊಳಪಿಗೆ, ಕಳಿಸಿ.